ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ (ಛಾಯಾಚಿತ್ರ ಸರಣಿ)

ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್ ಎಂಬುದು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರು 2000ದಿಂದ 2004ರ ಅವಧಿಯಲ್ಲಿ ರೂಪಿಸಿದ ಛಾಯಾಚಿತ್ರ ಸರಣಿ. ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಪ್ರಚಲಿತ ಚಿತ್ರಗಳನ್ನು ಆಯ್ದುಕೊಂಡು, ಅವುಗಳಲ್ಲಿನ ಪಾತ್ರಗಳನ್ನು ಪುಷ್ಪಮಾಲಾ ಅವರೇ ವೇಷ ಧರಿಸಿ ಕ್ಯಾಮೆರಾದ ಮುಂದೆ ಅಭಿನಯಿಸಿದ್ದಾರೆ. ಭಾರತದ ಸ್ತ್ರೀವಾದಿ ದೃಶ್ಯಕಲೆಯ ಮುಖ್ಯ ಕೃತಿಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಹಿನ್ನೆಲೆ

1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಪುಷ್ಪಮಾಲಾ, ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದರು. 1990ರ ದಶಕದಲ್ಲಿ ಶಿಲ್ಪದಿಂದ ಛಾಯಾಚಿತ್ರದತ್ತ ಹೊರಳಿ 'ಫ್ಯಾಂಟಮ್ ಲೇಡಿ ಆರ್ ಕಿಸ್ಮತ್' (1996–98) ಸರಣಿಯನ್ನು ರಚಿಸಿದರು. ಪ್ರಸ್ತುತ ಸರಣಿಯ ಶೀರ್ಷಿಕೆಯು ವಸಾಹತುಶಾಹಿ ಕಾಲದ ಜನಾಂಗ ವಿವರಣಾ ಗ್ರಂಥಗಳ ಧಾಟಿಯನ್ನು ಅಣಕಿಸುತ್ತದೆ. ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ವಿಂಗಡಿಸಿದ ಇಂತಹ ಗ್ರಂಥಗಳಿಗೆ ಎಡ್ಗರ್ ಥರ್ಸ್ಟನ್‌ನ ಏಳು ಸಂಪುಟಗಳ 'ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ' (1909) ಒಂದು ಉದಾಹರಣೆ.

ಚಿತ್ರಗಳು

ರಾಜಾ ರವಿವರ್ಮನ ಲಕ್ಷ್ಮಿ ಹಾಗೂ ಬೆಳದಿಂಗಳಿನ ಸ್ತ್ರೀ, ಬಿಜಾಪುರ ಶೈಲಿಯ ಯೋಗಿನಿ, ವೇಲಾಂಕಣ್ಣಿ ಮಾತೆ, ಚಲನಚಿತ್ರಗಳ ಸ್ಥಿರಚಿತ್ರಗಳು, ಪೊಲೀಸರು ಬಂಧಿಸಿದ ಮಹಿಳೆಯರ ಪತ್ರಿಕಾ ಚಿತ್ರ ಮುಂತಾದವು ಸರಣಿಯ ಆಕರಗಳು. ದೇವತೆ, ನಾಯಕಿ, ಆರೋಪಿ ಎಲ್ಲರಲ್ಲೂ ಒಂದೇ ಮುಖ ಕಾಣುವುದರಿಂದ, ಈ 'ಮಾದರಿ'ಗಳು ವೇಷ, ಭಂಗಿ ಮತ್ತು ಹಿನ್ನೆಲೆಗಳಿಂದ ಕಟ್ಟಲ್ಪಟ್ಟವು ಎಂಬುದು ಸ್ಪಷ್ಟವಾಗುತ್ತದೆ. ಒಂದು ಭಾಗದಲ್ಲಿ ಕಲಾವಿದೆ ತೋಡ ಮಹಿಳೆಯ ವೇಷದಲ್ಲಿ ಚೌಕುಳಿ ಪರದೆಯ ಮುಂದೆ ನಿಂತು, ದೇಹದ ಅಳತೆಗೆ ಒಳಗಾಗುವ ವ್ಯಕ್ತಿಯನ್ನು ಅಭಿನಯಿಸುತ್ತಾರೆ. 'ಪ್ರೋಸೆಸ್ ಸೀರೀಸ್' ಎಂಬ ಭಾಗವು ಚಿತ್ರಗಳು ಸಿದ್ಧವಾದ ಬಗೆಯನ್ನೇ ತೋರಿಸುತ್ತದೆ.

ಕೊಲಾಜ್ ಕಲೆಯೊಂದಿಗೆ ಹೋಲಿಕೆ

ಚಲಾವಣೆಯಲ್ಲಿರುವ ಸ್ತ್ರೀಚಿತ್ರಗಳನ್ನೇ ಬಳಸಿ ಅವುಗಳನ್ನು ಪ್ರಶ್ನಿಸುವ ವಿಧಾನವು ಪಾಶ್ಚಾತ್ಯ ಕೊಲಾಜ್ ಕಲೆಯಲ್ಲಿಯೂ ಇದೆ. ಬರ್ಲಿನ್‌ನ ದಾದಾ ಕಲಾವಿದೆ ಹಾನಾ ಹೋಖ್ 1920ರ ದಶಕದಲ್ಲೇ ಪತ್ರಿಕಾ ಚಿತ್ರಗಳನ್ನು ಕತ್ತರಿಸಿ ಜೋಡಿಸಿದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಲಿಂಡರ್ ಸ್ಟರ್ಲಿಂಗ್ ಪುರುಷರ ಪತ್ರಿಕೆಗಳ ನಗ್ನಚಿತ್ರಗಳಿಗೆ ಗೃಹೋಪಕರಣಗಳ ಜಾಹೀರಾತುಗಳನ್ನು ಅಂಟಿಸಿದರು. ಸ್ತ್ರೀದೇಹದ ತಲೆಯ ಜಾಗದಲ್ಲಿ ಇಸ್ತ್ರಿಪೆಟ್ಟಿಗೆಯಿರುವ ಅವರ ಕೊಲಾಜ್ 1977ರಲ್ಲಿ ಬಜ಼್‌ಕಾಕ್ಸ್ ತಂಡದ ಧ್ವನಿಮುದ್ರಿಕೆಯ ಹೊದಿಕೆಯಾಯಿತು. ಮರುವರ್ಷ ಆರಂಭವಾದ ಪೋಸ್ಟ್-ಪಂಕ್ ಸಂಗೀತ ತಂಡ 'ಲೂಡಸ್'ನಲ್ಲಿ ಅವರು ಗಾಯಕಿಯಾಗಿದ್ದರು.

ಹೋಖ್ ಮತ್ತು ಲಿಂಡರ್ ಮುದ್ರಿತ ಚಿತ್ರವನ್ನು ಕತ್ತರಿಸಿ ಅದರ ಅರ್ಥವನ್ನು ಒಡೆಯುತ್ತಾರೆ. ಪುಷ್ಪಮಾಲಾ ಚಿತ್ರವನ್ನು ಕತ್ತರಿಸದೆ ಅದರೊಳಗೆ ತಮ್ಮ ದೇಹವನ್ನೇ ನಿಲ್ಲಿಸುತ್ತಾರೆ. ಇದರಿಂದ ಚಿತ್ರಕ್ಕೆ ವಸ್ತುವಾದ ಸ್ತ್ರೀಯೇ ಚಿತ್ರದ ಕರ್ತೃವೂ ಆಗುತ್ತಾಳೆ.