ದೃಷ್ಟಿನರದ ಮರುಬೆಳವಣಿಗೆಗೆ ಜೈವಿಕ ಹಂದರಗಳು

ಅಕ್ಷಿಪಟಲ ಮತ್ತು ದೃಷ್ಟಿನರದ ಗಾಯಗೊಂಡ ಕೋಶಗಳು ಬದುಕುಳಿಯಲು, ಅವುಗಳ ತಂತುಗಳು ಮತ್ತೆ ಬೆಳೆದು ಮಿದುಳನ್ನು ಮುಟ್ಟಲು ನೆರವಾಗುವಂತೆ ರೂಪಿಸಿದ ಜೆಲ್, ನೂಲು, ಪೊರೆ ಮತ್ತು ಸೂಕ್ಷ್ಮಗೋಲಗಳು. ಹೆಚ್ಚಿನವು ಇನ್ನೂ ಪ್ರಾಣಿಪ್ರಯೋಗದ ಹಂತದಲ್ಲಿವೆ.

ಅಗತ್ಯ

ಮನುಷ್ಯನ ಒಂದು ದೃಷ್ಟಿನರದಲ್ಲಿ ಸುಮಾರು 10ರಿಂದ 12 ಲಕ್ಷ ತಂತುಗಳಿವೆ. ಅಕ್ಷಿಪಟಲದ ಗ್ಯಾಂಗ್ಲಿಯನ್ ಕೋಶಗಳೇ ಅವುಗಳ ಮೂಲ. ಮೀನು, ಕಪ್ಪೆಗಳಲ್ಲಿ ಕಡಿದ ದೃಷ್ಟಿನರ ತಾನಾಗಿ ಬೆಳೆಯುತ್ತದೆ. ಬೆಳೆದ ಸಸ್ತನಿಗಳಲ್ಲಿ ಬೆಳೆಯುವುದಿಲ್ಲ. ದೃಷ್ಟಿನರ ಹಾಳಾಗುವ ಗ್ಲಾಕೋಮಾ ರೋಗದಲ್ಲಿ ಹೋದ ದೃಷ್ಟಿ ಮರಳದಿರುವುದು ಇದರಿಂದಲೇ.

ಇತಿಹಾಸ

ಈ ಅಸಾಮರ್ಥ್ಯಕ್ಕೆ ಕೋಶವೊಂದೇ ಕಾರಣವಲ್ಲ, ಅದರ ಸುತ್ತಲಿನ ಪರಿಸರವೂ ಕಾರಣ ಎಂಬ ಅರಿವು ಈ ಕ್ಷೇತ್ರದ ಬುನಾದಿ. ನರವಿಜ್ಞಾನಿ ಕಹಾಲ್ ಅವರ ಶಿಷ್ಯ ಫ್ರಾನ್ಸಿಸ್ಕೊ ತೆಯೊ 1911ರಲ್ಲಿ ಮೊಲದ ಕಡಿದ ದೃಷ್ಟಿನರಕ್ಕೆ ಕಾಲಿನ ನರದ ತುಂಡನ್ನು ಕಸಿಮಾಡಿದಾಗ ಕೆಲವು ತಂತುಗಳು ಅದರೊಳಗೆ ನುಗ್ಗಿದ್ದವು. ಆದರೆ ಅವು ಎಲ್ಲಿಂದ ಬಂದವೆಂದು ಖಚಿತಪಡಿಸುವ ಸಾಧನ ಆಗ ಇರಲಿಲ್ಲ. ಗುರುತುದ್ರವ್ಯಗಳು ಕೈಗೆ ಬಂದ ಮೇಲೆ, 1985ರಲ್ಲಿ ಮಾಂಟ್ರಿಯಲ್‌ನ ಆಲ್ಬರ್ಟ್ ಅಗ್ವಾಯೊ ಮತ್ತು ಕ್ವಾಕ್-ಫೈ ಸೋ ಇಲಿಗಳಲ್ಲಿ ಅಂಥ ತಂತುಗಳು ಗ್ಯಾಂಗ್ಲಿಯನ್ ಕೋಶಗಳವೇ ಎಂದು ತೋರಿಸಿದರು. 1987ರ ವೇಳೆಗೆ ಅಗ್ವಾಯೊ ತಂಡ, ಕಸಿನರದ ಮೂಲಕ ಸಾಗಿದ ತಂತುಗಳು ಮಿದುಳಿನಲ್ಲಿ ಹೊಸ ನರಸಂಧಿಗಳನ್ನು ರಚಿಸುವುದನ್ನೂ ಕಂಡಿತು.

ಕಸಿನರದ ಜಾಗಕ್ಕೆ ಕೃತಕ ಸಾಮಗ್ರಿ ಬಂದ ಪ್ರಮುಖ ಪ್ರಯೋಗ 2006ರದು. ರಟ್ಲೆಡ್ಜ್ ಎಲ್ಲಿಸ್-ಬೆಹ್ನ್ಕೆ, ಸೋ ಮತ್ತು ಸಂಗಡಿಗರು ಹ್ಯಾಮ್‌ಸ್ಟರ್‌ಗಳ ದೃಷ್ಟಿಮಾರ್ಗವನ್ನು ಕಡಿದು, ಗಾಯಕ್ಕೆ ಪೆಪ್ಟೈಡ್ ದ್ರಾವಣ ಹಾಕಿದರು. 16 ಅಮೈನೋ ಆಮ್ಲಗಳ ಈ ಪೆಪ್ಟೈಡ್, ದೇಹದ ಲವಣಗಳ ಸಂಪರ್ಕದಲ್ಲಿ ತಾನಾಗಿ ನ್ಯಾನೊಎಳೆಗಳ ಜಾಲವಾಗಿ ಹೆಣೆದುಕೊಳ್ಳುತ್ತದೆ. ಗಾಯದ ಅಂಚುಗಳು ಕೂಡಿಕೊಂಡವು, ತಂತುಗಳು ದಾಟಿದವು, ಪ್ರೌಢ ಪ್ರಾಣಿಗಳಿಗೂ ಒಂದಿಷ್ಟು ದೃಷ್ಟಿ ಮರಳಿತು. ಆದರೆ ಕಡಿತ ದೃಷ್ಟಿನರದಲ್ಲಲ್ಲ, ನಡುಮಿದುಳಿನಲ್ಲಿತ್ತು, ಗಾಯವೂ ಹೊಸದು. ವರ್ಷಗಟ್ಟಲೆ ಸವೆದ ಗ್ಲಾಕೋಮಾ ಕಣ್ಣಿಗೆ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು.

ಸಾಮಗ್ರಿಗಳು

ಪಾಲಿಲ್ಯಾಕ್ಟಿಕ್ ಆಮ್ಲದ ಎಳೆಗಳನ್ನು ಚಕ್ರದ ಅರೆಕಾಲುಗಳಂತೆ ಜೋಡಿಸಿದರೆ, ಅವುಗಳ ಮೇಲೆ ಬಿತ್ತಿದ ಗ್ಯಾಂಗ್ಲಿಯನ್ ಕೋಶಗಳ ತಂತುಗಳು ಹೆಚ್ಚಾಗಿ ಆ ಎಳೆಗಳ ಜಾಡು ಹಿಡಿದು ಬೆಳೆಯುತ್ತವೆ. ನೈಜ ಅಕ್ಷಿಪಟಲದಲ್ಲೂ ತಂತುಗಳ ಜೋಡಣೆ ಹೀಗೆಯೇ. ಹೈಡ್ರೋಜೆಲ್‌ಗಳು ಕಸಿಕೋಶಗಳನ್ನು ಹಿಡಿದಿಡುತ್ತವೆ. ಕರಗುವ ಸೂಕ್ಷ್ಮಗೋಲಗಳು ಪೋಷಕ ಪ್ರೋಟೀನುಗಳನ್ನು ನಿಧಾನವಾಗಿ ಬಿಡುತ್ತವೆ.

ಮಿತಿಗಳು

ತಂತು ಬೆಳೆದ ಮಾತ್ರಕ್ಕೆ ದೃಷ್ಟಿ ಬರುವುದಿಲ್ಲ. ಎರಡೂ ಕಣ್ಣುಗಳ ನರಗಳು ಸಂಧಿಸುವಲ್ಲಿ ಅದು ಸರಿಯಾದ ಕವಲು ಹಿಡಿದು, ಮಿದುಳಿನ ನಿಗದಿತ ತಾಣ ಸೇರಿ, ಮೈಲಿನ್ ಹೊದಿಕೆ ಪಡೆಯಬೇಕು. ಮನುಷ್ಯರ ಮೇಲೂ ಪ್ರಯೋಗ ನಡೆದಿದೆ, ಆದರೆ ಅದರ ಗುರಿ ಬೇರೆ: 2018ರಲ್ಲಿ ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ತಂಡಗಳು ರೋಗಿಗಳ ಕಣ್ಣಿಗೆ ಕೋಶಸಹಿತ ಕೃತಕ ಪೊರೆಗಳನ್ನು ಕಸಿಮಾಡಿದ ವಿವರ ಪ್ರಕಟಿಸಿದವು. ಆ ಪೊರೆಗಳು ಹೊತ್ತಿದ್ದುದು ಅಕ್ಷಿಪಟಲವನ್ನು ಪೋಷಿಸುವ ವರ್ಣಕ ಕೋಶಗಳನ್ನು. ಕೃತಕ ಪೊರೆಯನ್ನು ಕಣ್ಣಿನೊಳಗೆ ಇರಿಸಬಹುದೆಂದು ಈ ಪ್ರಯೋಗಗಳು ತೋರಿಸಿವೆ. ನರ ಮತ್ತೆ ಬೆಳೆದುದಕ್ಕೆ ಅವನ್ನು ಸಾಕ್ಷ್ಯವೆಂದು ಎಣಿಸುವಂತಿಲ್ಲ.