ಹೊಗೆಸೊಪ್ಪಿನ ಸುಂಕ ಮತ್ತು ಘಟ್ಟದ ದಾರಿಗಳು

ಈಗ ನಮ್ಮ ಬೂವನಹಳ್ಳಿಯ ಹೆಸರು ಹೇಳಿದರೆ ಹಾಸನದವರಿಗೆ ನೆನಪಾಗುವುದು ವಿಮಾನ ನಿಲ್ದಾಣ. ನನಗೆ ಮಾತ್ರ ಇಲ್ಲಿಂದ ಅರಕಲಗೂಡಿನತ್ತ ಹೋಗುವ ರಸ್ತೆ ಮುಖ್ಯ. ರಾಮನಾಥಪುರ ತಲುಪುವ ಹೊತ್ತಿಗೆ ಹೊಗೆಸೊಪ್ಪಿನ ಹೊಲಗಳೂ ಎಲೆ ಹದ ಮಾಡುವ ಬ್ಯಾರನ್ನುಗಳೂ ಎದುರಾಗುತ್ತವೆ. ಸುಂಕ ಕಟ್ಟದ ಹೊಗೆಸೊಪ್ಪಿನ ಚರಿತ್ರೆಯನ್ನು ಹುಡುಕಲು ಹೊರಟ ನನ್ನನ್ನು ಈ ದಾರಿ ಕಾವೇರಿ ದಾಟಿಸಿ, ಕೊಡಗು ಹಾಯಿಸಿ, ಘಟ್ಟದ ಕೆಳಗಿನ ಸುಳ್ಯದವರೆಗೆ ಕರೆದೊಯ್ದಿತು.

19ನೇ ಶತಮಾನದ ಮೊದಲರ್ಧದಲ್ಲಿ ಮಲಬಾರು ಮತ್ತು ಕೆನರಾ ಜಿಲ್ಲೆಗಳಲ್ಲಿ ಹೊಗೆಸೊಪ್ಪಿನ ವ್ಯಾಪಾರ ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವಾಗಿತ್ತು. ಕರಾವಳಿ ಅಗಿಯುತ್ತಿದ್ದ ಸೊಪ್ಪು ಬಹುಪಾಲು ಕೊಯಮತ್ತೂರಿನದು. ಕಂಪನಿ ಅದನ್ನು ಅಲ್ಲಿ ಅಗ್ಗಕ್ಕೆ ಕೊಂಡು ಇಲ್ಲಿ ಹಲವು ಪಟ್ಟು ಬೆಲೆಗೆ ಮಾರುತ್ತಿತ್ತು. ಹೀಗೆ ಮಾಡಿದರೆ ಏನಾಗಬೇಕೋ ಅದೇ ಆಯಿತು. ಘಟ್ಟದ ಕಣಿವೆಗಳಲ್ಲಿ, ಕೊಚ್ಚಿ ತಿರುವಾಂಕೂರುಗಳ ಗಡಿಯಲ್ಲಿ ಸುಂಕವಿಲ್ಲದ ಹೊರೆಗಳು ರಾತ್ರಿ ಇಳಿಯತೊಡಗಿದವು. ಕಂದಾಯದ ಬರಹಗಳು ಇದನ್ನು ಕಳ್ಳಸಾಗಣೆ ಎನ್ನುತ್ತವೆ. ಹೊರೆ ಹೊತ್ತವನು ಏನೆನ್ನುತ್ತಿದ್ದನೋ ಯಾರೂ ಬರೆದಿಡಲಿಲ್ಲ.

ಹೊಗೆಸೊಪ್ಪನ್ನು ಇಂದು ನಾವು ಚಟವೆಂದು ನೋಡುತ್ತೇವೆ. ನೋಡಬೇಕಾದ್ದೇ. ಆದರೆ ಮಳೆಗಾಲದಲ್ಲಿ ಗದ್ದೆಗಿಳಿಯುವ ಆಳಿಗೆ ಎಲೆ ಅಡಿಕೆಯ ಜೊತೆಗಿನ ಆ ತುಣುಕು ಹಸಿವನ್ನು ತುಸು ಮುಂದೂಡುತ್ತಿತ್ತು. ಸುಣ್ಣ ಸೇರಿಸಿ ಕಾಲಿಗೆ ಹಚ್ಚಿದರೆ ಇಂಬಳ ಹತ್ತಿರ ಬರುತ್ತಿರಲಿಲ್ಲ. ಉಪ್ಪಿನಂತೆಯೇ ಅದೂ ಮನೆಯಲ್ಲಿ ಇರಲೇಬೇಕಾದ ಸಾಮಾನು. ಕಂಪನಿಯ ಹಿಡಿತ ಉಪ್ಪಿನ ಮೇಲೂ ಇತ್ತು.

1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆ ಕೆನರಾ ಜಿಲ್ಲೆಗೆ ಸೇರಿದವು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಿನಲ್ಲೇ ಕಟ್ಟಬೇಕಾಯಿತು. ಒಕ್ಕಲು ಅಲ್ಲೇ ಇದ್ದರೂ ಗಡಿಯ ಗೆರೆ ಸರಿದಿತ್ತು. ಮೂರೇ ವರ್ಷಕ್ಕೆ, 1837ರ ಏಪ್ರಿಲ್‌ನಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ರೈತರ ದಂಡು ಬೆಳ್ಳಾರೆ, ಪುತ್ತೂರು ಹಾದು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿತು. ಕರಾವಳಿಯವರು ಇದನ್ನು ಕಲ್ಯಾಣಪ್ಪನ ಕಾಟಕಾಯಿ ಎನ್ನುತ್ತಾರೆ. ಮೂರು ವರ್ಷ ಕಂದಾಯವಿಲ್ಲ, ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೆ ಸುಂಕವಿಲ್ಲ ಎಂಬುದು ದಂಗೆಯ ಭರವಸೆಗಳಲ್ಲಿತ್ತು.

ಈ ಎರಡನೆಯ ಭರವಸೆಯನ್ನು ನಮ್ಮ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನಾಯಕ ಯಾರು, ಅವನು ನಿಜವಾದ ಕಲ್ಯಾಣಸ್ವಾಮಿಯೋ ಪುಟ್ಟಬಸಪ್ಪನೋ ಎಂಬ ಚರ್ಚೆಗೆ ಇರುವಷ್ಟು ಪುಟ ಇದಕ್ಕಿಲ್ಲ. ನನ್ನ ಓದಿನಲ್ಲಿ ದಂಗೆಯ ಬೇರು ಈ ಸಾಲಿನಲ್ಲೇ ಇದೆ. ಕಂದಾಯದ ಮಾತು ಭೂಮಿ ಇದ್ದವನಿಗೆ ತಾಗುತ್ತದೆ. ಉಪ್ಪು ಹೊಗೆಸೊಪ್ಪಿನ ಮಾತು ತುಂಡು ಭೂಮಿಯೂ ಇಲ್ಲದ ಆಳಿಗೂ ತಾಗುತ್ತದೆ. ದಂಡಿನಲ್ಲಿ ಅಷ್ಟು ಜನ ಹೇಗೆ ಸೇರಿದರು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಕಂಡಿಲ್ಲ.

ಹಿಡಿದ ನಾಯಕರಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಏಕಸ್ವಾಮ್ಯ ರದ್ದಾದದ್ದು 1853ರ ಹೊತ್ತಿಗೆ.

ಗೆರೆ ಸರಿದು ಜನ ಕಳ್ಳರಾದದ್ದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕ ಮತ್ತು ಕೆನಡಾಗಳ ಗಡಿ ಅಕ್ವೆಸಾಸ್ನೆ ಎಂಬ ಮೊಹಾಕ್ ಮೂಲನಿವಾಸಿಗಳ ಊರಿನ ನಡುವೆಯೇ ಹಾಯುತ್ತದೆ. ಹೊಗೆಸೊಪ್ಪು ಅವರಿಗೆ ಪೂಜೆಯ ವಸ್ತು. 1794ರ ಜೇ ಒಪ್ಪಂದ ಅವರ ಓಡಾಟವನ್ನು ಒಪ್ಪಿತ್ತು. ಆದರೂ ಸುಂಕವಿಲ್ಲದೆ ಸರಕು ತರುವ ಹಕ್ಕನ್ನು ಕೆನಡಾದ ಸುಪ್ರೀಂ ಕೋರ್ಟ್ 2001ರಲ್ಲಿ ನಿರಾಕರಿಸಿತು. ಸುಂಕವಿಲ್ಲದ ಸಿಗರೇಟಿನ ವಿಚಾರದಲ್ಲಿ ಅಲ್ಲಿನ ಜಗಳ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ 1943ರಲ್ಲಿ ಹೊಗೆಸೊಪ್ಪಿಗೆ ಮತ್ತೆ ಅಬಕಾರಿ ಸುಂಕ ಬಂತು. ಹಸಿ ಸೊಪ್ಪಿನ ಮೇಲಿನದು ಹೋದದ್ದು 1979ರಲ್ಲಿ. ಅಷ್ಟರಲ್ಲಿ 1975ರ ತಂಬಾಕು ಮಂಡಳಿ ಕಾಯ್ದೆ ಬಂದು ವರ್ಜೀನಿಯಾ ತಳಿ ಬೆಳೆಯಲು ನೋಂದಣಿ ಬೇಕೆಂದಿತು. ಇವತ್ತು ರಾಮನಾಥಪುರದ ಹರಾಜು ಕಟ್ಟೆಯಲ್ಲಿ ರೈತರು ಎರಡು ಜಾತಿ: ಕಾರ್ಡು ಇರುವವರು, ಇಲ್ಲದವರು. ಹೊಲ ಅಕ್ಕಪಕ್ಕದ್ದೇ, ಸೊಪ್ಪು ಅದೇ. ಇಲ್ಲದವನು ದಂಡ ತೆತ್ತು ಮಾರುತ್ತಾನೆ. ಕೆಲವು ವರ್ಷ ಬೆಳೆ ಕೆಟ್ಟಾಗ ದಂಡ ಮನ್ನಾ ಮಾಡಿ ಎಂದು ದಿಲ್ಲಿಗೆ ಮನವಿ ಹೋಗುತ್ತದೆ.