ಡೇರೆ ಹಾಕಿದ ಜಾಗದ ಹೆಸರು

ಹೋದ ಬೇಸಿಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ, ಮರ್ಸೆಡ್ ನದಿ ಪಕ್ಕ ಡೇರೆ ಹಾಕಿದ್ವಿ. ಪೈನ್ ಮರಗಳು, ಬೆಂಕಿ, ಹರಟೆ... ಸ್ವರ್ಗ! ವಾಪಸ್ ಬಂದು ಅಲ್ಲಿನ ಇತಿಹಾಸ ಓದಿದೆ ನೋಡಿ, ಕಸಿವಿಸಿ ಶುರುವಾಯ್ತು.

1851ರ ಮಾರ್ಚ್‌ನಲ್ಲಿ ಅದೇ ಕಣಿವೆಯಲ್ಲಿ ಮಾರಿಪೋಸಾ ಬೆಟಾಲಿಯನ್ ಬೀಡು ಬಿಟ್ಟಿತ್ತು. ಬಂದದ್ದು ಅಲ್ಲಿನ ಅಹ್ವಾನೀಚಿ ಜನರನ್ನು ಒಕ್ಕಲೆಬ್ಬಿಸೋಕೆ. ಅವರು ಅಹ್ವಾನಿ ಅಂತಿದ್ದ ಕಣಿವೆಗೆ 'ಯೊಸೆಮಿಟಿ' ಅಂತ ಹೆಸರಿಟ್ಟದ್ದು ಬೆಂಕಿ ಸುತ್ತ ಕೂತ ಆ ದಂಡಿನವರೇ! ಆಮೇಲೆ ಸೆರೆಹಿಡಿದ ನಾಯಕ ತೆನಾಯನ ಹೆಸರನ್ನೇ ಒಂದು ಸರೋವರಕ್ಕೂ ಇಟ್ಟರು. ಅದಕ್ಕೆ ಆಗಲೇ ಪೈವಿಯಾಕ್ ಅನ್ನೋ ಹೆಸರಿದೆ ಅಂದನಂತೆ ಮುದುಕ. ಕೇಳುವವರ್ಯಾರು?

1864ರಲ್ಲಿ ಲಿಂಕನ್ ಸಹಿಯಿಂದ ಕಣಿವೆ ಸಾರ್ವಜನಿಕರಿಗೆ ಮೀಸಲಾಯ್ತು. ಅಲ್ಲಿನವರ ಹಳ್ಳಿಯಲ್ಲಿ ಕೊನೆಗೆ ಉಳಿದಿದ್ದ ಮನೆಗಳೂ 1969ರಲ್ಲಿ ನೆಲಸಮವಾದವು.

ಎರಡು ರಾತ್ರಿಗೆ ಜಾಗ ಸಿಕ್ಕಿತು ಅಂತ ಹಿಗ್ಗಿದ್ದೆ ನಾನು. ನೀವು ಹೋದ್ರೆ, ಬೆಂಕಿ ಮುಂದೆ ಕೂತು ಒಂದ್ಸಲ 'ಅಹ್ವಾನಿ' ಅನ್ನಿ.